7 ವರ್ಷವೋ, 75 ವರ್ಷವೋ? ಠಾಣೆಯಲ್ಲಿ ಉಳಿಯುವ ಹುಡುಗರ ಬೆರಳಚ್ಚಿನ ಕಥೆ

ಆರೇಳು ವರ್ಷದ ಹಿಂದಿನ ಮಾತು. ನಮ್ಮ ಕಡೆ ಬೋರ್‌ವೆಲ್ ಕೇಬಲ್ ಕಳವು ಜೋರಾಗಿತ್ತು. ತಾಮ್ರದ ಆಸೆಗೆ ರಾತ್ರೋರಾತ್ರಿ ಕತ್ತರಿಸಿಕೊಂಡು ಹೋಗುತ್ತಿದ್ದರು. ಬೆಳಿಗ್ಗೆ ಹೊಲಕ್ಕೆ ಹೋದ ರೈತ ತಲೆ ಮೇಲೆ ಕೈಹೊತ್ತು ಕೂರುತ್ತಿದ್ದ. ಒಂದು ದಿನ ಠಾಣೆಯಿಂದ ನನಗೆ ಫೋನ್ ಬಂತು. ಹೋದೆ. ಮೂವರು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು, ಮುಂದೆ ಕೇಬಲ್ ಸುರುಳಿ. ಫೋಟೊ ತೆಗೆದೆ, ನಾಲ್ಕು ಸಾಲು ಬರೆದೆ, ಕಳಿಸಿದೆ. ಸ್ಟ್ರಿಂಗರ್ ಕೆಲಸ ಅಷ್ಟೇ ಎಂದುಕೊಂಡಿದ್ದ ಕಾಲ ಅದು.

ಮೂವರಲ್ಲಿ ಒಬ್ಬನಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ವಯಸ್ಸು 19 ಎಂದು ಬರೆದಿದ್ದರು. ನಾನೂ ಕೇಳಲಿಲ್ಲ, ಹಾಗೇ ಬರೆದೆ. ಅವನ ಬೆರಳ ತುದಿಗಳಲ್ಲಿ ಕಪ್ಪು ಮಸಿ ಇತ್ತು. ಪ್ಯಾಂಟಿಗೆ ಒರೆಸಿಕೊಳ್ಳುತ್ತಾ ನಿಂತಿದ್ದ.

ಆಮೇಲೆ ಶಾಲೆಯ ದಾಖಲೆ ತಂದು ನೋಡಿದರೆ ಅವನಿಗೆ 16. ಅವನ ಪ್ರಕರಣ ಬಾಲ ನ್ಯಾಯ ಮಂಡಳಿಗೆ ಹೋಯಿತು. ಮಂಡಳಿ ಬುದ್ಧಿ ಹೇಳಿ ಮನೆಗೆ ಕಳಿಸಿತು. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಎರಡು ವರ್ಷ ಬಿಟ್ಟು ಅವನ ತಾಯಿ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದರು. ಹುಡುಗ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದ. ಯಾರೋ ಹಳೇ ಫೋಟೊ ತೋರಿಸಿದರಂತೆ, ಮಾಲೀಕರು ನಾಳೆಯಿಂದ ಬರಬೇಡ ಅಂದರಂತೆ.

"ಅಣ್ಣಾರ, ಆ ಫೋಟೊ ಒಂದ್ ಅಳಿಸಿ ಕೊಡ್ರಿ. ಕೋರ್ಟ್‌ನ್ಯಾಗ ಬಿಟ್ಟಾರ, ಫೋನ್‌ನ್ಯಾಗ ಬಿಡವಲ್ರು."

ನನ್ನ ಫೋನಿನಲ್ಲಿದ್ದದ್ದನ್ನು ಅಳಿಸಿದೆ. ಊರೂರಿನ ವಾಟ್ಸಾಪ್ ಗ್ರೂಪುಗಳಿಂದ ಅಳಿಸುವುದು ನನ್ನ ಕೈಯಲ್ಲಿ ಇರಲಿಲ್ಲ. ಠಾಣೆಯಲ್ಲಿ ಒತ್ತಿಸಿಕೊಂಡ ಹತ್ತು ಬೆರಳಿನ ಅಚ್ಚು ಏನಾಯಿತು ಎಂದು ಆ ತಾಯಿ ಕೇಳಲಿಲ್ಲ. ಆ ಪ್ರಶ್ನೆ ನನಗೇ ಅಂಟಿಕೊಂಡಿತು. ಉತ್ತರ ಹುಡುಕಿಕೊಂಡು ಹೊರಟರೆ ದಾರಿ 1858ರವರೆಗೆ ಹೋಗುತ್ತದೆ.

ಬಂಗಾಳದ ಒಂದು ಅಂಗೈ

ರೇಷನ್ ಅಂಗಡಿಯಲ್ಲಿ ನಾವು ಹೆಬ್ಬೆರಳು ಒತ್ತುತ್ತೇವಲ್ಲ, ಸರ್ಕಾರಿ ಕೆಲಸಕ್ಕೆ ಬೆರಳ ಗುರುತು ಬಳಸುವ ಆ ಪದ್ಧತಿ ಬೆಳೆದದ್ದು ನಮ್ಮ ದೇಶದಲ್ಲೇ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷಲ್ ಎಂಬ ಇಂಗ್ಲಿಷ್ ಅಧಿಕಾರಿ ಇದ್ದ. ರಸ್ತೆಗೆ ಹಾಕುವ ಕಲ್ಲು-ಗರಸು ಪೂರೈಸಲು ರಾಜ್ಯಧರ ಕೊನಾಯ್ ಎಂಬ ಗುತ್ತಿಗೆದಾರನ ಜೊತೆ ಕರಾರು ಮಾಡಿಕೊಂಡ. ನಾಳೆ ಆತ "ಇದು ನನ್ನ ಸಹಿಯಲ್ಲ" ಎನ್ನಬಾರದು ಎಂದು ಸೀಲಿನ ಮಸಿ ಹಚ್ಚಿ ಅವನ ಅಂಗೈಯನ್ನೇ ಕಾಗದದ ಮೇಲೆ ಒತ್ತಿಸಿದ.

ಹರ್ಷಲ್ ಅಲ್ಲಿಗೆ ಬಿಡಲಿಲ್ಲ. ತನ್ನದೇ ಬೆರಳಚ್ಚನ್ನು 50 ವರ್ಷಕ್ಕೂ ಹೆಚ್ಚಿನ ಅಂತರದಲ್ಲಿ ಮತ್ತೆ ಮತ್ತೆ ತೆಗೆದು ಹೋಲಿಸಿದ. ತನ್ನ ಮಗ ಚಿಕ್ಕವನಿದ್ದಾಗ ತೆಗೆದ ಅಚ್ಚನ್ನೂ ಅವನು ದೊಡ್ಡವನಾದ ಮೇಲೆ ತೆಗೆದ ಅಚ್ಚನ್ನೂ ಪಕ್ಕಪಕ್ಕ ಇಟ್ಟು ನೋಡಿದ. ಬೆರಳು ದೊಡ್ಡದಾಗಿತ್ತು, ಗೆರೆ ಮಾತ್ರ ಅವೇ. ಬೆರಳ ಗೆರೆಗಳು ತಾಯಿಯ ಹೊಟ್ಟೆಯಲ್ಲೇ ಮೂಡುತ್ತವೆ, ಸಾಯುವತನಕ ಬದಲಾಗುವುದಿಲ್ಲ. ಇದನ್ನು ನೆನಪಿಡಿ. 12ರ ಹುಡುಗನ ಬೆರಳಚ್ಚು ತೆಗೆದರೆ, 70ರ ಮುದುಕನಾದಾಗಲೂ ಅದು ಅವನದ್ದೇ. ಮುಖ ಬದಲಾದೀತು, ಊರು ಬದಲಾದೀತು, ಬುದ್ಧಿಯೂ ಬದಲಾದೀತು. ಬೆರಳು ಬದಲಾಗದು.

ಮುಂದೆ ಬಂಗಾಳದ ಪೊಲೀಸ್ ಮುಖ್ಯಸ್ಥ ಎಡ್ವರ್ಡ್ ಹೆನ್ರಿಯ ಕೈಕೆಳಗೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ಅಧಿಕಾರಿಗಳು ಬೆರಳಚ್ಚನ್ನು ವಿಂಗಡಿಸುವ ಲೆಕ್ಕ ಕಟ್ಟಿದರು. ಸಾವಿರಾರು ಚೀಟಿಗಳ ನಡುವೆ ಬೇಕಾದ ಒಂದನ್ನು ಬೇಗ ಹುಡುಕುವ ದಾರಿ ಅದು. ಪದ್ಧತಿಗೆ ಹೆಸರು ಮಾತ್ರ ಹೆನ್ರಿಯದು ಬಂತು. 1897ರಲ್ಲಿ ಕಲ್ಕತ್ತಾದಲ್ಲಿ ಜಗತ್ತಿನ ಮೊದಲ ಬೆರಳಚ್ಚು ವಿಭಾಗ ತೆರೆಯಿತು. ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್ ಇದನ್ನು ಕಲಿತದ್ದು 1901ರಲ್ಲಿ.

ಇದರಿಂದ ಉಪಯೋಗ ಆಗಿಲ್ಲ ಎನ್ನುವಂತಿಲ್ಲ. ಅದೇ ದಿನಗಳಲ್ಲಿ ಜಲಪೈಗುರಿಯ ಚಹಾ ತೋಟದ ಮ್ಯಾನೇಜರ್ ಒಬ್ಬನ ಕೊಲೆಯಾಗಿ ಹಣ ಕಳವಾಗಿತ್ತು. ಮನೆಯಲ್ಲಿ ಸಿಕ್ಕ ಬಂಗಾಳಿ ಪಂಚಾಂಗದ ಮೇಲೆ ಒಂದು ಬೆರಳ ಕಲೆ ಇತ್ತು. ಹಿಂದೆ ಕಳ್ಳತನಕ್ಕೆ ಜೈಲಿಗೆ ಹೋಗಿದ್ದ ಮಾಜಿ ಆಳಿನ ಅಚ್ಚು ಕಡತದಲ್ಲಿತ್ತು, ಅದು ಹೊಂದಿತು. ಕೊಲೆ ಮಾಡಿದ್ದನ್ನು ಕಂಡವರಿಲ್ಲ ಎಂದು ಕೋರ್ಟು ಕಳ್ಳತನಕ್ಕಷ್ಟೇ ಶಿಕ್ಷೆ ಕೊಟ್ಟಿತು. ಕಡತದಲ್ಲಿ ಅಚ್ಚು ಇದ್ದರೆ ಕಳ್ಳ ಸಿಗುತ್ತಾನೆ ಎಂಬುದು ಅಂದಿನಿಂದ ಪೊಲೀಸರ ಪಾಠ. ಯಾರ ಅಚ್ಚು ಇರಬೇಕು, ಎಷ್ಟು ದಿನ ಇರಬೇಕು ಎಂಬ ಪ್ರಶ್ನೆಯೂ ಅಲ್ಲಿಂದಲೇ ಹುಟ್ಟಿತು.

ಹುಬ್ಬಳ್ಳಿ-ಗದಗದ ಸೆಟ್ಲಮೆಂಟ್

ಆ ಪ್ರಶ್ನೆಗೆ ಬ್ರಿಟಿಷರು ಕೊಟ್ಟ ಒಂದು ಉತ್ತರ ನಮ್ಮ ನೆಲದಲ್ಲೇ ಇದೆ. 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಬಂತು. ಯಾರೋ ಒಬ್ಬ ಕದ್ದ ಎಂದು ಅವನ ಜಾತಿಯನ್ನೇ ಕಳ್ಳರ ಪಟ್ಟಿಗೆ ಸೇರಿಸುವ ಕಾನೂನು. ಮೊದಲು ಉತ್ತರ ಭಾರತದಲ್ಲಿದ್ದ ಇದು 1911ರ ಹೊಸ ಕಾಯ್ದೆಯಿಂದ ಉಳಿದ ಕಡೆಗೂ ಬಂತು. ಆ ಕಾಯ್ದೆಯ ಪ್ರಕಾರ ಪಟ್ಟಿಯಲ್ಲಿರುವವರ ಬೆರಳಚ್ಚನ್ನು ಯಾವಾಗ ಬೇಕಾದರೂ ತೆಗೆಯಬಹುದಿತ್ತು. ಕೋರ್ಟಿನಲ್ಲಿ ತಪ್ಪು ಸಾಬೀತಾಗಬೇಕಿರಲಿಲ್ಲ. ಹೆಸರು ಪಟ್ಟಿಯಲ್ಲಿದ್ದರೆ ಸಾಕಿತ್ತು.

ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ವಿಜಯಪುರ, ಹುಬ್ಬಳ್ಳಿ, ಗದಗ-ಬೆಟಗೇರಿಗಳಲ್ಲಿ ಇಂಥ ಸಮುದಾಯಗಳನ್ನು ಇಡಲು ಸೆಟ್ಲಮೆಂಟುಗಳನ್ನು ಮಾಡಿದರು. ಹರಣಶಿಕಾರಿ, ಛಪ್ಪರಬಂದ್ ಮುಂತಾದ ಸಮುದಾಯಗಳ ಕುಟುಂಬಗಳನ್ನು ಅಲ್ಲಿ ಕೂಡಿಸಿ, ಹತ್ತಿ ಗಿರಣಿಗಳಲ್ಲಿ ದುಡಿಸಿ, ಹಾಜರಿ ತೆಗೆದುಕೊಳ್ಳುತ್ತಿದ್ದರು. ಹುಬ್ಬಳ್ಳಿ, ಗದಗದಲ್ಲಿ ಆ ಜಾಗಗಳನ್ನು ಜನ ಇಂದಿಗೂ ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ.

ಮಕ್ಕಳ ಗತಿ? ಅದೇ 1911ರ ಕಾಯ್ದೆಯಲ್ಲಿ ಮಕ್ಕಳನ್ನು ತಂದೆ-ತಾಯಿಯಿಂದ ಬೇರ್ಪಡಿಸಿ ಸುಧಾರಣಾ ಶಾಲೆಯಲ್ಲಿ ಇಡಲು ಸರ್ಕಾರಕ್ಕೆ ಅಧಿಕಾರವಿತ್ತು. ಮಗು ಯಾವ ತಪ್ಪನ್ನೂ ಮಾಡಿರಬೇಕಿರಲಿಲ್ಲ, ಆ ಜಾತಿಯಲ್ಲಿ ಹುಟ್ಟಿದ್ದೇ ತಪ್ಪು. 1952ರ ಆಗಸ್ಟ್ 31ರಂದು ಈ ಕಾಯ್ದೆ ದೇಶದಾದ್ಯಂತ ರದ್ದಾಯಿತು. ಆ ದಿನವನ್ನು ಇಂದಿಗೂ ವಿಮುಕ್ತ ದಿನವೆಂದು ಆಚರಿಸುತ್ತಾರೆ. ಆದರೆ ಅದರ ನೆರಳು ಪೂರ್ತಿ ಹೋಗಲಿಲ್ಲ. ಕಳವಾದಾಗ ಮೊದಲು ಯಾವ ಓಣಿಗೆ ಜೀಪು ಹೋಗುತ್ತದೆ ಎಂದು ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ.

1920: ಒಂದೇ ವರ್ಷ, ಎರಡು ಕಾನೂನು

ಪಟ್ಟಿಯಲ್ಲಿಲ್ಲದ ಸಾಮಾನ್ಯ ಜನರಿಗೆ 1920ರಲ್ಲಿ ಬೇರೆ ಕಾನೂನು ಬಂತು, ಕೈದಿಗಳ ಗುರುತಿಸುವಿಕೆ ಕಾಯ್ದೆ. 1 ವರ್ಷ ಅಥವಾ ಹೆಚ್ಚು ಕಠಿಣ ಶಿಕ್ಷೆ ಆಗಬಹುದಾದ ಅಪರಾಧಕ್ಕೆ ಬಂಧಿಸಿದವರ ಬೆರಳಚ್ಚು, ಹೆಜ್ಜೆಯಚ್ಚು ತೆಗೆಯಲು ಇದು ಪೊಲೀಸರಿಗೆ ಅಧಿಕಾರ ಕೊಟ್ಟಿತು. ಫೋಟೊಗೂ ನಿಯಮವಾಯಿತು. ಹಿಂದೆ ಶಿಕ್ಷೆ ಆಗಿರದವರು ಖುಲಾಸೆಯಾದರೆ ಇದನ್ನೆಲ್ಲ ನಾಶಮಾಡಬೇಕು ಅಥವಾ ಅವರಿಗೇ ಕೊಡಬೇಕು ಎಂದೂ ಬರೆದರು. ಒಳ್ಳೆಯ ಮಾತೇ. ಆದರೆ ಹಿಡಿದವನು 40ರ ಗಂಡಸೋ 14ರ ಹುಡುಗನೋ ಎಂಬ ಭೇದವನ್ನು ಆ ಕಾಯ್ದೆ ಮಾಡಲಿಲ್ಲ.

ಅದೇ 1920ರಲ್ಲಿ ಮದ್ರಾಸ್ ಪ್ರಾಂತ್ಯ ಮಕ್ಕಳ ಕಾಯ್ದೆ ಮಾಡಿತು. ಮಂಗಳೂರು, ಬಳ್ಳಾರಿ ಆಗ ಆ ಪ್ರಾಂತ್ಯದಲ್ಲಿದ್ದವು. ಮಕ್ಕಳನ್ನು ದೊಡ್ಡವರ ಜೊತೆ ವಿಚಾರಿಸಬಾರದು, ಜೈಲಿಗೆ ತಳ್ಳಬಾರದು ಎಂಬ ವಿಚಾರ ಅದರ ಹಿಂದಿತ್ತು. 1924ರಲ್ಲಿ ಮುಂಬೈ ಪ್ರಾಂತ್ಯವೂ ಇಂಥ ಕಾಯ್ದೆ ತಂದಿತು.

ಹೀಗೆ ಒಂದು ಕಾನೂನು ಗುರುತು ಹಾಕಿ ಇಟ್ಟುಕೊಳ್ಳಿ ಎಂದಿತು, ಇನ್ನೊಂದು ಮಗುವಿಗೆ ತಿದ್ದಿಕೊಳ್ಳಲು ದಾರಿ ಬಿಡಿ ಎಂದಿತು. ಎರಡೂ ಒಂದೇ ಠಾಣೆಯ ಬಾಗಿಲಲ್ಲಿ ಎದುರಾಗುತ್ತವೆ. ಆಗ ಯಾವುದು ಮೇಲು ಎಂದು ಸ್ಪಷ್ಟವಾಗಿ ಬರೆಯುವ ಕೆಲಸ 100 ವರ್ಷ ಕಳೆದರೂ ಬಾಕಿ ಉಳಿದಿದೆ.

ಮರೆಯಲು ಕಲಿತ ಕಾನೂನು

ಸ್ವಾತಂತ್ರ್ಯ ಬಂದ ಮೇಲೆ ರಾಜ್ಯಕ್ಕೊಂದು ಮಕ್ಕಳ ಕಾಯ್ದೆ ಇತ್ತು. ದೇಶಕ್ಕೆಲ್ಲ ಒಂದೇ ಬಾಲ ನ್ಯಾಯ ಕಾಯ್ದೆ ಬಂದದ್ದು 1986ರಲ್ಲಿ. ಅದರಲ್ಲಿ ಹುಡುಗರಿಗೆ 16, ಹುಡುಗಿಯರಿಗೆ 18 ವರ್ಷದ ಮಿತಿ. 2000ದ ಕಾಯ್ದೆ ಇಬ್ಬರಿಗೂ 18 ಮಾಡಿತು. ಈಗ ಜಾರಿಯಲ್ಲಿರುವುದು 2015ರ ಕಾಯ್ದೆ. ಇದು ಮಗುವನ್ನು "ಅಪರಾಧಿ" ಎನ್ನುವುದಿಲ್ಲ, "ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು" ಎನ್ನುತ್ತದೆ. ಮೊದಲ ಸಲ ಓದಿದಾಗ ನನಗೆ ಈ ಮಾತು ಉದ್ದವಾಯಿತು ಅನಿಸಿತ್ತು. ಆ ತಾಯಿಯನ್ನು ಕಂಡ ಮೇಲೆ ಅದರ ಬೆಲೆ ತಿಳಿಯಿತು.

ಈ ಕಾಯ್ದೆ ಮತ್ತು ಅದರ 2016ರ ಮಾದರಿ ನಿಯಮಗಳು ಪೊಲೀಸರಿಗೆ ಹೇಳುವುದು ಇಷ್ಟು: ಮಗುವನ್ನು ಲಾಕಪ್ಪಿಗೆ ಹಾಕಬಾರದು, ಬೇಡಿ ಹಾಕಬಾರದು, ತಪ್ಪು ಒಪ್ಪಿಕೋ ಎಂದು ಒತ್ತಾಯಿಸಬಾರದು, ಹೇಳಿಕೆಗೆ ಸಹಿ ಕೇಳಬಾರದು. 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ತರಬೇಕು. ಮಗುವಿನ ವಿಚಾರ ನೋಡಿಕೊಳ್ಳುವ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಸಾದಾ ಬಟ್ಟೆಯಲ್ಲಿರಬೇಕು. ಸಣ್ಣಪುಟ್ಟ ಕಳವಿನಂಥ ಪ್ರಕರಣದಲ್ಲಿ ಎಫ್ಐಆರ್ ಕೂಡ ಹಾಕುವಂತಿಲ್ಲ, ಠಾಣೆಯ ದಿನಚರಿಯಲ್ಲಿ ಬರೆದರೆ ಸಾಕು. ದೊಡ್ಡವರ ಜೊತೆ ಸೇರಿ ಮಾಡಿದ್ದರೆ ಅಥವಾ ಘೋರ ಅಪರಾಧವಾದರೆ ಮಾತ್ರ ಎಫ್ಐಆರ್.

ಕಾಯ್ದೆಯ 74ನೇ ಕಲಂ ನಮ್ಮಂಥವರಿಗೆ. ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೊ, ಗುರುತು ಸಿಗುವ ಯಾವ ವಿವರವನ್ನೂ ಪತ್ರಿಕೆ, ಟಿವಿ, ಬೇರೆ ಯಾವುದೇ ಮಾಧ್ಯಮದಲ್ಲಿ ಹಾಕಬಾರದು. ಹಾಕಿದರೆ 6 ತಿಂಗಳವರೆಗೆ ಜೈಲು, ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಂದು ನಾನು ಕಳಿಸಿದ ಫೋಟೊ ಈ ಕಲಮಿನ ಉಲ್ಲಂಘನೆ. "19 ಎಂದು ಬರೆದಿತ್ತು" ಎಂಬುದು ನೆಪ. ಮೀಸೆ ಮೂಡದ ಮುಖ ನನ್ನ ಕಣ್ಣ ಮುಂದೆಯೇ ಇತ್ತು. ಅದೇ ಕಲಂ ಪೊಲೀಸರಿಗೂ ಒಂದು ಮಾತು ಹೇಳುತ್ತದೆ. ಪ್ರಕರಣ ಮುಗಿದ ಮೇಲೆ ಕ್ಯಾರೆಕ್ಟರ್ ಸರ್ಟಿಫಿಕೇಟಿಗಾಗಲಿ ಬೇರೆ ಯಾವುದಕ್ಕಾಗಲಿ ಮಗುವಿನ ಆ ದಾಖಲೆಯನ್ನು ಹೊರಗೆ ಹಾಕಬಾರದು.

ಇನ್ನು 24ನೇ ಕಲಂ. ಮಗುವಿನ ಮೇಲಿನ ದೋಷ ಸಾಬೀತಾದರೂ ಅದರಿಂದ ಮುಂದೆ ನೌಕರಿ, ಚುನಾವಣೆ ಯಾವುದಕ್ಕೂ ಅನರ್ಹತೆ ಇಲ್ಲ. ಮೇಲ್ಮನವಿಯ ಕಾಲ ಮುಗಿದ ಮೇಲೆ ದಾಖಲೆ ನಾಶಮಾಡುವಂತೆ ಮಂಡಳಿ ಪೊಲೀಸರಿಗೆ ಆದೇಶ ಕೊಡಬೇಕು. ಮಾದರಿ ನಿಯಮಗಳಲ್ಲಿ ಗರಿಷ್ಠ ಮಿತಿ 7 ವರ್ಷ. 16 ದಾಟಿದವರು ಘೋರ ಅಪರಾಧದಲ್ಲಿ ದೊಡ್ಡವರಂತೆ ವಿಚಾರಣೆಗೆ ಒಳಗಾಗಿ ದೋಷಿ ಎನಿಸಿದರೆ ಮಾತ್ರ ಈ ರಿಯಾಯಿತಿ ಇಲ್ಲ. ಕಾಯ್ದೆಯ ತತ್ವಗಳಲ್ಲಿ ಇದಕ್ಕೆ "ಹೊಸ ಆರಂಭ" ಎಂದು ಹೆಸರು.

2022: ನೆನಪು 75 ವರ್ಷಕ್ಕೆ

2022ರಲ್ಲಿ 1920ರ ಕಾಯ್ದೆ ಹೋಗಿ ದಂಡಪ್ರಕ್ರಿಯಾ ಗುರುತಿಸುವಿಕೆ ಕಾಯ್ದೆ ಬಂತು. ಆಗಸ್ಟ್ 4ರಿಂದ ಜಾರಿ. ಈಗ ಬೆರಳಚ್ಚು, ಫೋಟೊ ಜೊತೆಗೆ ಅಂಗೈ ಅಚ್ಚು, ಕಣ್ಣಿನ ಸ್ಕ್ಯಾನ್, ರಕ್ತದಂಥ ಮಾದರಿ, ಕೈಬರಹ ಎಲ್ಲವನ್ನೂ ತೆಗೆಯಬಹುದು. 1 ವರ್ಷದ ಶಿಕ್ಷೆಯ ಮಿತಿ ಹೋಯಿತು, ಯಾವ ಅಪರಾಧಕ್ಕೆ ಬಂಧಿಸಿದರೂ ಆಗುತ್ತದೆ. ದಾಖಲೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದಲ್ಲಿ 75 ವರ್ಷ ಇರುತ್ತದೆ. ಅದೇ ಆಗಸ್ಟಿನಲ್ಲಿ ನಾಫಿಸ್ ಎಂಬ ದೇಶವ್ಯಾಪಿ ಬೆರಳಚ್ಚು ಕಂಪ್ಯೂಟರ್ ವ್ಯವಸ್ಥೆಯೂ ಉದ್ಘಾಟನೆಯಾಯಿತು. ಅದರಲ್ಲಿ ಬಂಧಿತನಿಗೊಂದು 10 ಅಂಕಿಯ ಸಂಖ್ಯೆ. ಮಸಿ, ರೋಲರ್, ಕಾಗದದ ಕಾಲದಲ್ಲಿ ಅಚ್ಚು ಜಿಲ್ಲಾ ಕಡತದಲ್ಲಿ ಗೆದ್ದಲು ಹಿಡಿಯುವುದಿತ್ತು. ಕಂಪ್ಯೂಟರಿಗೆ ಗೆದ್ದಲು ಹಿಡಿಯುವುದಿಲ್ಲ.

ಈ ಕಾಯ್ದೆಯನ್ನು ಮಗುವಿಗಾಗಿ ಹುಡುಕಿ ಓದಿದೆ. "ಮಗು" ಎಂಬ ಪದ ಬರುವುದು ಅನ್ಯಾಯಕ್ಕೊಳಗಾದ ಮಗುವಿನ ವಿಷಯದಲ್ಲಿ: ಮಹಿಳೆ ಅಥವಾ ಮಗುವಿನ ಮೇಲಿನ ಅಪರಾಧವಾದರೆ ಆರೋಪಿ ರಕ್ತದಂಥ ಮಾದರಿ ಕೊಡುವುದನ್ನು ನಿರಾಕರಿಸುವಂತಿಲ್ಲ ಎಂದು. ಆರೋಪಿಯೇ ಮಗುವಾದರೆ ಏನು ಎಂದು ಕಾಯ್ದೆ ಬರೆದಿಲ್ಲ.

ಇದನ್ನು ಎರಡು ರೀತಿ ಓದಬಹುದು. ಒಂದು: ಬಾಲ ನ್ಯಾಯ ಕಾಯ್ದೆಯಲ್ಲಿ ಮಗುವನ್ನು "ಬಂಧಿಸುವುದಿಲ್ಲ", ವಶಕ್ಕೆ ಪಡೆಯುತ್ತಾರೆ. ಬೇರೆ ಯಾವ ಕಾನೂನಿನಲ್ಲಿ ಏನೇ ಇದ್ದರೂ ಮಕ್ಕಳಿಗೆ ಇದೇ ಅನ್ವಯ ಎಂದು ಅದರ ಮೊದಲ ಕಲಮೇ ಹೇಳುತ್ತದೆ. ಹಾಗಾಗಿ 2022ರ ಕಾಯ್ದೆ ಮಗುವನ್ನು ಮುಟ್ಟುವಂತಿಲ್ಲ. ಇನ್ನೊಂದು: ಕಾಯ್ದೆ "ಯಾವುದೇ ವ್ಯಕ್ತಿ" ಎನ್ನುತ್ತದೆ, ಮಗುವೂ ವ್ಯಕ್ತಿಯೇ. ನನಗೆ ಮೊದಲ ಓದೇ ಸರಿ ಕಾಣುತ್ತದೆ. ಆದರೆ ರಾತ್ರಿ 11ಕ್ಕೆ ಹುಡುಗನನ್ನು ಕರೆತಂದ ಹೆಡ್ ಕಾನ್‌ಸ್ಟೆಬಲ್ ಮುಂದೆ ಈ ಚರ್ಚೆ ನಡೆಯುವುದಿಲ್ಲ. ಅಲ್ಲಿ ಯಂತ್ರ ಇದೆ, ಬೆರಳಿದೆ.

ಇನ್ನೊಂದು ತೊಡಕು. 2022ರ ಕಾಯ್ದೆಯಲ್ಲಿ ದಾಖಲೆ ನಾಶವಾಗುವುದು ಖುಲಾಸೆಯಾದರೆ ಅಥವಾ ವಿಚಾರಣೆ ಇಲ್ಲದೆ ಬಿಟ್ಟರೆ. ಬುದ್ಧಿ ಹೇಳಿ ಮನೆಗೆ ಕಳಿಸಿದ ಹುಡುಗ ಖುಲಾಸೆಯಾದವನೂ ಅಲ್ಲ, ಶಿಕ್ಷೆಯಾದವನೂ ಅಲ್ಲ. ಅವನ ವಯಸ್ಸನ್ನು ಮೊದಲ ದಿನ 19 ಎಂದು ಬರೆದುಬಿಟ್ಟರೆ ಅವನ ಅಚ್ಚು ದೊಡ್ಡವರ ಸಾಲಿಗೆ ಸೇರುತ್ತದೆ. ಮಂಡಳಿಯ ಕಡತ 7 ವರ್ಷಕ್ಕೆ ಅಳಿದೀತು, ಬೆರಳಿನ ಕಡತ 75 ವರ್ಷ ಕುಳಿತೀತು.

ಇಂಗ್ಲೆಂಡಿನ 11ರ ಹುಡುಗ

ಇದೇ ತೊಡಕು ಬೇರೆ ದೇಶಕ್ಕೂ ಬಂದಿತ್ತು. 2001ರಲ್ಲಿ ಇಂಗ್ಲೆಂಡಿನಲ್ಲಿ 11 ವರ್ಷದ ಹುಡುಗನೊಬ್ಬನನ್ನು ದರೋಡೆ ಯತ್ನದ ಆರೋಪದಲ್ಲಿ ಹಿಡಿದು ಬೆರಳಚ್ಚು, ಡಿಎನ್‌ಎ ತೆಗೆದರು. ಅದೇ ವರ್ಷ ಖುಲಾಸೆಯಾದ. ದಾಖಲೆ ಅಳಿಸಿ ಎಂದರೆ ಪೊಲೀಸರು ಒಪ್ಪಲಿಲ್ಲ, ಅಲ್ಲಿನ ಕೋರ್ಟುಗಳೂ ಒಪ್ಪಲಿಲ್ಲ. ಕೊನೆಗೆ 2008ರ ಡಿಸೆಂಬರ್ 4ರಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ 17 ನ್ಯಾಯಾಧೀಶರು ಒಮ್ಮತದಿಂದ ಅವನ ಪರ ತೀರ್ಪು ಕೊಟ್ಟರು. ತಪ್ಪು ಸಾಬೀತಾಗದವರ ದಾಖಲೆ ಇಟ್ಟುಕೊಳ್ಳುವುದು ಮಕ್ಕಳಿಗೆ ಇನ್ನೂ ಹೆಚ್ಚು ಹಾನಿ ಮಾಡಬಹುದು ಎಂದೂ ಹೇಳಿದರು. ಹೆಸರಿನ ಬದಲು "ಎಸ್" ಎಂಬ ಒಂದೇ ಅಕ್ಷರದಿಂದ ಆ ಹುಡುಗನನ್ನು ಜಗತ್ತು ಬಲ್ಲದು.

ನಮ್ಮಲ್ಲೂ ದಾರಿ ತೆರೆದಿದೆ. 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಪ್ರಕರಣದಲ್ಲಿ. 2024ರ ಮೇ ತಿಂಗಳಲ್ಲಿ ದೆಹಲಿಯ ಶಾಸಕರೊಬ್ಬರ ಹಿಸ್ಟರಿ ಶೀಟಿನಲ್ಲಿ ಅವರ ಅಪ್ರಾಪ್ತ ಮಕ್ಕಳ ವಿವರ ಸೇರಿದ್ದ ವಿಷಯ ಸುಪ್ರೀಂ ಕೋರ್ಟಿಗೆ ಬಂತು. ಹಿಂದುಳಿದ ಸಮುದಾಯದವರ ಹೆಸರನ್ನು ಯಾಂತ್ರಿಕವಾಗಿ ಇಂಥ ಶೀಟಿಗೆ ಸೇರಿಸುವುದರ ಬಗ್ಗೆ ಕೋರ್ಟು ಅಲ್ಲಿ ಕಳವಳ ಹೇಳಿತು. ಅದೇ ಅಕ್ಟೋಬರ್ 3ರಂದು, ಜೈಲುಗಳಲ್ಲಿನ ಜಾತಿಭೇದದ ತೀರ್ಪಿನಲ್ಲಿ, ವಿಮುಕ್ತ ಬುಡಕಟ್ಟಿನವರನ್ನು ಮನಬಂದಂತೆ ಬಂಧಿಸಬಾರದು ಎಂದಿತು. ಓದುವಾಗ ನನಗೆ ಗದಗದ ಸೆಟ್ಲಮೆಂಟ್ ನೆನಪಾಯಿತು.

ನಿಮ್ಮ ಓಣಿಯ ಹುಡುಗನನ್ನು ಕರೆದೊಯ್ದರೆ

ಮೊದಲು ವಯಸ್ಸಿನ ದಾಖಲೆ ಹಿಡಿದು ಠಾಣೆಗೆ ಹೋಗಿ. ಶಾಲೆಯ ಜನ್ಮ ದಿನಾಂಕದ ಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮೊದಲು, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಮೊದಲ ದಿನ ತಪ್ಪಿಹೋದರೂ, "ಆಗ ಅವನು 18 ಮುಟ್ಟಿರಲಿಲ್ಲ" ಎಂದು ಯಾವ ಹಂತದಲ್ಲಾದರೂ ಹೇಳಬಹುದು, ಪ್ರಕರಣ ಮುಗಿದ ಮೇಲೂ.

ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರು ಎಂದು ಕೇಳಿ. ಮಕ್ಕಳ ಸಹಾಯವಾಣಿ 1098, ಉಚಿತ ಕಾನೂನು ನೆರವಿಗೆ 15100. ಬೆರಳಚ್ಚು, ಫೋಟೊ ತೆಗೆದಿದ್ದರೆ ಆ ವಿಷಯವನ್ನು ವಕೀಲರ ಮೂಲಕ ಮಂಡಳಿಗೆ ಬರಹದಲ್ಲಿ ತಿಳಿಸಿ. ಪ್ರಕರಣ ಮುಗಿದಾಗ ದಾಖಲೆ ನಾಶದ ಆದೇಶ ಕೇಳಿ, ಅದರಲ್ಲಿ ಬೆರಳಚ್ಚು ಮತ್ತು ಫೋಟೊ ಎಂಬ ಪದಗಳೂ ಇರಲಿ ಎಂದು ಕೋರಿ. ಆದೇಶದ ಪ್ರತಿಯನ್ನು ಆಧಾರ್ ಕಾರ್ಡ್ ಇಟ್ಟಲ್ಲೇ ಜೋಪಾನ ಮಾಡಿ.

ಇನ್ನು ನಾವು, ನೀವು. ಊರ ಗ್ರೂಪಿಗೆ "ಕಳ್ಳ ಸಿಕ್ಕ" ಎಂದು ಫೋಟೊ ಬಂದಾಗ ಮುಖ ನೋಡಿ. ಚಿಕ್ಕವನು ಅನಿಸಿದರೆ ಮುಂದಕ್ಕೆ ತಳ್ಳಬೇಡಿ, ಹಾಕಿದವರಿಗೆ ಅಳಿಸಲು ಹೇಳಿ. ಕೇಬಲ್ ಕಳೆದುಕೊಂಡ ರೈತನ ನೋವು ಸಣ್ಣದಲ್ಲ, ಅವನಿಗೆ ನ್ಯಾಯ ಸಿಗಲೇಬೇಕು. ಹುಡುಗನ ಮುಖವನ್ನು ನೂರು ಫೋನಿಗೆ ಕಳಿಸಿದರೆ ಅವನ ಕೇಬಲ್ ವಾಪಸ್ ಬರುವುದಿಲ್ಲ.

ಆ ಹುಡುಗನಿಗೆ ಈಗ 22-23 ಇರಬೇಕು. ಬೇರೆ ಊರಿಗೆ ಹೋಗಿ ಗೌಂಡಿ ಕೆಲಸ ಮಾಡುತ್ತಾನೆ ಎಂದು ಅವನ ತಾಯಿ ಹೇಳಿದರು. ಆ ಫೋಟೊ ಹೋಯಿತೇ ಎಂದು ಅವರು ಈಗ ಕೇಳುವುದಿಲ್ಲ. ಠಾಣೆಯಿಂದ ಫೋಟೊಗೆ ಕರೆದಾಗಲೆಲ್ಲ ನಾನೀಗ ಮೊದಲು ಕೇಳುವುದು ಒಂದೇ: "ಸರ್, ವಯಸ್ಸಿನ ದಾಖಲೆ ನೋಡಿದ್ರಾ?"